ಕತ್ತರಿಸಿ ಎಸೆದ ಅಂಚು

"ಕತ್ತರಿಸಿದಿರಾ?"

ತನಿಖಾಧಿಕಾರಿಯ ಕಂಠದಿಂದ ಹೊರಟ ಆ ಒಂದು ಪದದಲ್ಲಿ ಪ್ರಶ್ನೆಗಿಂತ ಪ್ರಾರ್ಥನೆಯೇ ಹೆಚ್ಚಾಗಿತ್ತು. ಇಲ್ಲವೆಂದು ಹೇಳಲಿ ಎಂಬ ಪ್ರಾರ್ಥನೆ. ಆಕೆಯ ಸೋದರಮಾವ ಅದನ್ನು ಈಡೇರಿಸಲಿಲ್ಲ.

"ಅಂಚು ಮಾತ್ರ ಪುಟ್ಟಿ," ಎಂದರು ಅವರು, ಆಲ್ಬಮ್ಮಿನಿಂದ ಕಣ್ಣೆತ್ತದೆ. "ಗೋಡೆ ಇತ್ತು. ಗೋಡೆಗೂ ಕಾರಿಗೂ ಏನ್ ಸಂಬಂಧ?"

"ಮಾವ, ಅದು ಕೊಲೆ ಕೇಸಿನ ಸಾಕ್ಷ್ಯ!"

"ಕಾರಿಗೆ ಒಂದು ಗೀರೂ ತಾಗಿಸಿಲ್ಲ. ಬೇಕಾದ್ರೆ ನೋಡ್ಕೋ."

ಆಕೆ ನೋಡಿದಳು. ಸ್ಟುಡಿಯೋದ ಯಜಮಾನ ತನ್ನ ಡಾರ್ಕ್‌ರೂಮಿನಲ್ಲಿ ತಲೆಗೆ ಪೆಟ್ಟು ತಿಂದು ಸತ್ತ ದಿನ, ನೆಗೆಟಿವ್ ಕಾಣೆಯಾಗಿ, ಕ್ಲಿಪ್ಪಿನಲ್ಲಿ ಒದ್ದೆಯಾಗಿ ನೇತಾಡುತ್ತಿದ್ದ ಏಕಮಾತ್ರ ಪ್ರಿಂಟು ಇದು. ಈಗ ಅದು ನಾಲ್ಕೂ ಮೂಲೆಗೆ ಅಂಟುಕಾಗದ ಧರಿಸಿ, ಕರಿಯ ಹಾಳೆಯ ಮೇಲೆ ಮದುಮಗಳಂತೆ ಕುಳಿತಿತ್ತು. ಮಾವ ನಿವೃತ್ತ ನಕ್ಷೆಗಾರರು. ಉಕ್ಕಿನ ಅಳತೆಪಟ್ಟಿಯಿಟ್ಟು ಬ್ಲೇಡು ಎಳೆದರೆ ಆ ಗೆರೆಯನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬಾರದು. ಎಡಗಡೆಯ ಅಂಚು ಅಷ್ಟು ನೇರವಾಗಿತ್ತು. ಅಷ್ಟು ನೇರವಾಗಿ ಇಲ್ಲವಾಗಿತ್ತು.

ಡಾರ್ಕ್‌ರೂಮಿನ ಕೆಂಬೆಳಕಿನಲ್ಲಿ ಆ ಪ್ರಿಂಟನ್ನು ಆಕೆ ಕಂಡದ್ದು ಕ್ಷಣಮಾತ್ರ. ಎಡಗಡೆ ಏನೋ ಇತ್ತೆಂಬುದಷ್ಟೇ ನೆನಪು. ಅಷ್ಟರೊಳಗೆ ದೊಡ್ಡ ಸಾಹೇಬರು ಅದನ್ನು ಲಕೋಟೆಗೆ ಹಾಕಿಸಿ, ಹಳೆಯ ಇಂಗ್ಲಿಷ್ ಕಾರುಗಳನ್ನು ಫೋಟೋ ನೋಡಿಯೇ ಹೆಸರಿಸಬಲ್ಲ ಊರಿನ ಏಕೈಕ ಪ್ರಮಾಣಪುರುಷರಾದ ಮಾವನಿಗೆ ಕಳುಹಿಸಿಬಿಟ್ಟಿದ್ದರು. ನೆಗೆಟಿವ್ ಕದ್ದವನೇ ಕೊಲೆಗಾರ, ಅವನು ಈ ಕಾರಿನವನೇ ಎಂಬುದು ಸಾಹೇಬರ ಲೆಕ್ಕ. ಮಾವ ಹೆಸರನ್ನೂ ಹೇಳಿಬಿಟ್ಟಿದ್ದರು. ವೂಲ್ಸ್‌ಲಿ. ಊರಿನಲ್ಲಿದ್ದ ವೂಲ್ಸ್‌ಲಿ ಒಂದೇ. ಅದು ಡ್ರೈವಿಂಗ್ ಮೇಷ್ಟ್ರದು. ಮೇಷ್ಟ್ರು ಈಗ ಪೊಲೀಸರ ವಶದಲ್ಲಿದ್ದರು. ಇಂದು ಮಧ್ಯಾಹ್ನ ಮಾವ ಕಟಕಟೆಯಲ್ಲಿ ನಿಂತು ಅದೇ ಮಾತನ್ನು ಪ್ರಮಾಣಪೂರ್ವಕವಾಗಿ ನುಡಿದರೆ ಅವರು ಅಲ್ಲಿಂದ ನೇರ ಜೈಲಿಗೆ.

ಮೇಷ್ಟ್ರ ಅಕ್ಕ ಬೆಳಗಿನಿಂದ ಈ ಮನೆಯ ಜಗಲಿಯಲ್ಲಿ ಕುಳಿತಿದ್ದಳು. ನೀರು ಕೊಟ್ಟರೆ ಬೇಡ, ಕುರ್ಚಿ ಕೊಟ್ಟರೆ ಬೇಡ. ಒಳಗೆ ಬರುವಾಗ ತನಿಖಾಧಿಕಾರಿಯನ್ನು ತಡೆದು ನಿಲ್ಲಿಸಿ ಅವಳು ಹೇಳಿದ್ದು ಇಷ್ಟು: "ಮೇಡಂ, ನನ್ನ ತಮ್ಮ ಕೊಲೆ ಮಾಡೋಕೆ ಹೊರಟ್ರೂ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹಾರನ್ ಹೊಡ್ಕೊಂಡು ಹೋಗೋನು. ಅವನ ಕೈಲಿ ಇದೆಲ್ಲ ಆಗೋ ಮಾತಲ್ಲ."

ಆದರೆ ಮೇಷ್ಟ್ರಿಗೂ ಸ್ಟುಡಿಯೋದವನಿಗೂ ಜಗಳವಿದ್ದದ್ದು ಇಡೀ ಬೀದಿಗೆ ತಿಳಿದಿತ್ತು. ಲೈಸೆನ್ಸಿಗೆಂದು ತೆಗೆಸಿದ ಶಿಷ್ಯರ ಫೋಟೋಗಳಲ್ಲೆಲ್ಲ ಕಣ್ಣುಗಳು ಮುಚ್ಚಿರುತ್ತವೆ, ಹೀಗಾದರೆ ರಸ್ತೆಗೆ ಬಿಡುವುದು ಹೇಗೆ ಎಂದು ಮೇಷ್ಟ್ರು ಅಂಗಡಿಯ ಮುಂದೆ ನಿಂತು ಕೂಗಾಡಿದ್ದರು. ಸಾಲದ್ದಕ್ಕೆ ಫೋಟೋದಲ್ಲಿನ ಕಾರಿಗೆ ನಂಬರ್ ಪ್ಲೇಟ್ ಇರಲಿಲ್ಲ. ಮೇಷ್ಟ್ರು ಬಣ್ಣ ಬಳಿಸಲೆಂದು ಅದೇ ವಾರ ಪ್ಲೇಟ್ ಬಿಚ್ಚಿಸಿದ್ದರು. ದುರ್ದೈವಕ್ಕೆ ಇದಕ್ಕಿಂತ ಹೆಚ್ಚಿನ ಸಹಾಯ ಬೇಕಿರಲಿಲ್ಲ.

"ಆ ತುಂಡು ಎಲ್ಲಿ ಮಾವ?"

"ಯಾವ ತುಂಡು?"

"ಕತ್ತರಿಸಿದ್ದು!"

"ಕತ್ತರಿಸಿದ್ದನ್ನ ಯಾರಾದ್ರೂ ಇಟ್ಕೋತಾರಾ?" ಮಾವನ ಬೆರಗು ನಿಷ್ಕಪಟವಾಗಿತ್ತು. "ಉಗುರು ಕತ್ತರಿಸಿದ್ಮೇಲೆ ಇಟ್ಕೋತೀಯ ನೀನು?"

ತನಿಖಾಧಿಕಾರಿ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಗಳಿಂದ ಹಣೆಯನ್ನು ಒತ್ತಿಕೊಂಡಳು.

ಮಾವನ ಈ ಪದ್ಧತಿ ಮನೆಮಂದಿಗೆ ಹೊಸದಲ್ಲ. ಯಾರು ಯಾವ ಹಳೆಯ ಫೋಟೋ ತಂದುಕೊಟ್ಟು ಕಾರಿನ ಹೆಸರು ಕೇಳಲಿ, ಮೊದಲು ಕಾರಲ್ಲದ್ದೆಲ್ಲ ತೊಲಗಬೇಕು. ಶ್ಲೋಕದ ಅನ್ವಯಕ್ಕೆ ಮುನ್ನ ಪದಚ್ಛೇದ ಮಾಡುವಂತೆ ಅವರು ಬ್ಲೇಡು ಹಿಡಿಯುತ್ತಿದ್ದರು. ಅವರ ಆಲ್ಬಮ್ಮುಗಳಲ್ಲಿ ಮಾನವಕುಲವು ಅಂಗಾಂಗಗಳಾಗಿ ಮಾತ್ರ ಉಳಿದಿತ್ತು: ಆಸ್ಟಿನ್ನಿನ ಬಾಗಿಲ ಮೇಲೆ ಒಡೆಯನಿಲ್ಲದ ಮೊಣಕೈ, ಮಾರಿಸ್ಸಿನ ಬಾನೆಟ್ಟಿನ ಮೇಲೆ ಯಾವುದೋ ಮಗುವಿನ ಪಾದ, ಹಿಲ್‌ಮನ್ನಿನ ಪಕ್ಕದಲ್ಲಿ ತಲೆಯಿಲ್ಲದೆ ನಿಂತ ಒಂದು ಕೋಟು.

"ಜನ ಯಾವಾಗ್ಲೂ ಬೇಕಾದ ಜಾಗಕ್ಕೇ ಅಡ್ಡ ನಿಲ್ತಾರೆ," ಎಂದರು ಮಾವ, ತಮ್ಮ ಪಕ್ಷವನ್ನು ಸಮರ್ಥಿಸುತ್ತ. "ಚಕ್ರದ ಮುಚ್ಚಳ ನೋಡ್ಬೇಕು ಅಂದ್ರೆ ಅಲ್ಲೊಂದು ಸೊಂಟ. ದೀಪ ನೋಡ್ಬೇಕು ಅಂದ್ರೆ ಅಲ್ಲೊಂದು ಹೊಟ್ಟೆ. ಏನ್ ಮಾಡ್ಲಿ?"

"ಅಣ್ಣಾ, ಹೊರಡೋಣ್ವಾ?"

ಬಾಗಿಲಲ್ಲಿ ಸರ್ವೆಯರ್ ನಿಂತಿದ್ದರು. ಅಪಘಾತದ ಕಾರುಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಕೊಡುವುದು ಅವರ ವೃತ್ತಿ. ಪರೀಕ್ಷೆಗೆಂದು ಬಂದ ಕಾರುಗಳನ್ನೇ ದಿನಕ್ಕೊಂದರಂತೆ ಓಡಿಸಿಕೊಂಡು ತಿರುಗುವುದು ಅವರ ವಿನೋದ. ಮಾವನ ಹೊರತು ಹಳೆಯ ಕಾರುಗಳ ಗಂಧ ಬಲ್ಲವರೆಂದರೆ ಈ ಊರಿನಲ್ಲಿ ಇವರೇ. ಕಾರು ವೂಲ್ಸ್‌ಲಿ ಎಂದು ಪೊಲೀಸರಿಗೆ ಕೊಟ್ಟ ಗುರುತಿನ ಪತ್ರಕ್ಕೆ ಮಾವನ ಸಹಿಯ ಕೆಳಗೆ ಇವರದೂ ಸಹಿಯಿತ್ತು. ಮಾವನನ್ನು ಕೋರ್ಟಿಗೆ ಕರೆದೊಯ್ಯಲು ಬಂದಿದ್ದರು.

"ಕೂತ್ಕೊಳ್ಳಿ ಸರ್ವೆಯರೇ," ಎಂದಳು ತನಿಖಾಧಿಕಾರಿ. "ನಿಮ್ಮಿಬ್ಬರನ್ನೂ ಒಂದು ಮಾತು ಕೇಳ್ಬೇಕು. ಇದು ವೂಲ್ಸ್‌ಲಿನೇ ಅಂತ ಹೇಗೆ ಹೇಳ್ತೀರಿ?"

ಮಾವನ ಮುಖ ಅರಳಿತು. ಕೊಲೆಯ ವಿಷಯದಲ್ಲಿ ಇದುವರೆಗೆ ಯಾರೂ ಅವರನ್ನು ಇಂಥ ಸಮಂಜಸ ಪ್ರಶ್ನೆ ಕೇಳಿರಲಿಲ್ಲ.

"ಬಾ ಇಲ್ಲಿ. ಈ ಜಾಲರಿ ಮಧ್ಯೆ ನೋಡು. ಮೊಟ್ಟೆ ಆಕಾರದ ಬೆಳಕು. ವೂಲ್ಸ್‌ಲಿ ಮುಖದ ಹೆಸರುಬಿಲ್ಲೆಗೆ ಒಳಗಡೆ ದೀಪ ಇರುತ್ತೆ. ಗಾಡಿ ದೀಪ ಹಾಕಿದ್ರೆ ಹೆಸರೂ ಉರಿಯುತ್ತೆ. ಅವತ್ತು ಮೋಡ ಕವಿದಿತ್ತು, ಪುಣ್ಯಾತ್ಮ ದೀಪ ಹಾಕ್ಕೊಂಡು ಬಂದಿದಾನೆ. ತನ್ನ ಹೆಸರು ತಾನೇ ಹೇಳ್ಕೊಂಡಿದೆ. ಇನ್ನೇನ್ ಬೇಕು?"

"ಮುಖ ಬಿಟ್ಟು ಬೇರೆ ಗುರುತು?"

"ಮುಖ ಬಿಟ್ರೆ ಐವರು ಅಕ್ಕತಂಗೀರು. ಆಸ್ಟಿನ್, ಮಾರಿಸ್, ವೂಲ್ಸ್‌ಲಿ, ರೈಲಿ, ಎಂ.ಜಿ. ಐದಕ್ಕೂ ಮೈ ಒಂದೇ ಅಚ್ಚು. ಮುಖ ಬೇರೆ ಬೇರೆ."

"ಒಂದರ ಮುಖ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದಾ?"

"ಆಗಲ್ಲಮ್ಮ," ಎಂದರು ಸರ್ವೆಯರ್.

"ಆಗುತ್ತೆ," ಎಂದರು ಮಾವ.

ಎರಡು ಉತ್ತರಗಳೂ ಒಂದೇ ಉಸಿರಿಗೆ ಬಂದವು. ಮಾವ ಗೆಳೆಯನತ್ತ ತಿರುಗಿ ಕನ್ನಡಕವನ್ನು ಮೂಗಿನ ತುದಿಗಿಳಿಸಿದರು.

"ಯಾಕಾಗಲ್ಲ? ಬೋಲ್ಟ್ ಬಿಚ್ಚೋದು, ಬೋಲ್ಟ್ ಹಾಕೋದು. ಮುಂದಿನ ತಗಡು ಸಮೇತ ಬದಲಾಯಿಸಿದ್ರೆ ಆಯ್ತು. ನಿನಗೆ ಗೊತ್ತಿಲ್ವಾ?"

"ಗೊತ್ತಣ್ಣ. ಅಂಥ ಕೆಲಸ ಮರ್ಯಾದಸ್ಥರು ಯಾರು ಮಾಡ್ತಾರೆ ಅಂದೆ."

"ಅದು ಬೇರೆ ಮಾತು. ಮಹಾಪಾಪ ಅದು. ಆದ್ರೆ ಮಾಡಕ್ಕಾಗುತ್ತೆ."

ತನಿಖಾಧಿಕಾರಿಯ ಸಹನೆ ದಾರದ ತುದಿಯಲ್ಲಿ ತೂಗಾಡುತ್ತಿತ್ತು. "ಮಾವ, ಈ ಮಾತನ್ನ ನೀವು ಗುರುತಿನ ಪತ್ರದಲ್ಲಿ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಒಬ್ಬ ಮನುಷ್ಯ ಜೈಲಿಗೆ ಹೋಗ್ತಿದಾನೆ!"

"ಕಾರು ಯಾವುದು ಅಂತ ಕೇಳಿದ್ರಿ, ಹೇಳ್ದೆ. ಯಾರು ಓಡಿಸ್ತಿದ್ರು ಅಂತ ನಾನೆಲ್ಲಿ ಹೇಳ್ದೆ? ಗಾಜಿನ ಮೇಲೆ ಹೊಳಪು ಬಿದ್ದಿದೆ, ಒಳಗಿರೋನು ಕಾಣಲ್ಲ. ಕಂಡಿದ್ರೂ ನಾನ್ ನೋಡ್ತಿರ್ಲಿಲ್ಲ ಬಿಡು."

"ಸರಿ. ಮುಖ ಬದಲಾಯಿಸಿದ ಕಾರನ್ನ ಹೇಗೆ ಕಂಡುಹಿಡೀತೀರಿ?"

"ಬಾಲ ನೋಡಿ. ಹಿಂದುಗಡೆ ಎರಡೂ ಪಕ್ಕ ಮೀನಿನ ರೆಕ್ಕೆ ಥರ ಎದ್ದಿರುತ್ತಲ್ಲ, ಅದು. ವೂಲ್ಸ್‌ಲಿಗೆ ರೆಕ್ಕೆ ಚೂಪು. ರೈಲಿಗೂ ಎಂ.ಜಿ.ಗೂ ತುದಿ ಕತ್ತರಿಸಿದ ಹಾಗೆ ಮೊಟಕು. ಆದ್ರೆ ಇದ್ರಲ್ಲಿ ಕಾರು ಎದುರಿಗೆ ನಿಂತಿದೆ. ಬಾಲ ಎಲ್ಲಿಂದ ಬರುತ್ತೆ?"

"ಕತ್ತರಿಸಿದ ಭಾಗದಲ್ಲಿ ಏನಿತ್ತು?"

"ಎಷ್ಟ್ ಸಲ ಹೇಳ್ಲಿ? ಗೋಡೆ."

"ಬರೀ ಗೋಡೆ?"

"ಗೋಡೆ ಅಂದ್ರೆ ಗೋಡೆನೇ. ಮೂಲೆ ಅಂಗಡಿದು. ಎರಡೂ ಕಡೆ ಗಾಜು ಹಾಕಿರ್ತಾರಲ್ಲ, ಅಂಥದ್ದು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಗಾಜು," ಎಂದಳು ತನಿಖಾಧಿಕಾರಿ ಬಹಳ ಮೆಲ್ಲಗೆ. "ಗಾಜಿನಲ್ಲಿ ಪ್ರತಿಬಿಂಬ ಬೀಳುತ್ತೆ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ ಮಾವ? ಇಲ್ಲಾ, ಅದನ್ನೂ ಯಾರೂ ಕೇಳ್ಲಿಲ್ವಾ?"

ಮಾವ ಫೋಟೋದ ನೇರ ಅಂಚನ್ನು ಬೆರಳಿನಿಂದ ಸವರಿದರು. ಕಾರಿನ ಬಾಲವನ್ನು ತಾವೇ ಕತ್ತರಿಸಿ ಎಸೆದಿರಬಹುದೆಂಬ ಅರಿವು ಅವರ ಮುಖದ ಮೇಲೆ, ಶಾಸ್ತ್ರಭ್ರಷ್ಟನಾದ ಆಚಾರನಿಷ್ಠನ ಮುಖದ ಮೇಲೆ ಮೂಡುವಂತೆ, ನಿಧಾನವಾಗಿ ಮೂಡಿತು.

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲ ಚೌಕಟ್ಟಿಗೆ ಒರಗಿದ್ದರು.

"ಅತ್ತಿಗೆ," ಎಂದು ಸರ್ವೆಯರ್ ಪ್ರಸನ್ನವಾಗಿ ನಕ್ಕರು. "ಅಣ್ಣ ಬೀಳಿಸೋ ಈ ಚೂರುಗಳನ್ನೆಲ್ಲ ನೀವೇನ್ ಮಾಡ್ತೀರಿ?"

"ಗುಡಿಸಿ ಎಸೀತೀನಿ. ಇನ್ನೇನು, ಹಾರ ಕಟ್ಲಾ?"

"ಅದೇ ಮತ್ತೆ. ಹೋದದ್ದು ಹೋಯ್ತು." ಸರ್ವೆಯರ್ ಎದ್ದರು. "ಅಣ್ಣ, ಹೊತ್ತಾಯ್ತು. ನಾನು ಹೊರಗೆ ಕಾರಲ್ಲಿರ್ತೀನಿ. ಕೋಟು ಹಾಕ್ಕೊಂಡು ಬನ್ನಿ."

ಅವರ ಹೆಜ್ಜೆ ಜಗಲಿ ದಾಟುವವರೆಗೂ ಅತ್ತೆ ಅಲುಗಲಿಲ್ಲ. ಬಳಿಕ ಮುಂಬಾಗಿಲನ್ನು ಮುಂದಕ್ಕೆಳೆದು, ಒಳಗೆ ಹೋಗಿ, ಸಕ್ಕರೆ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟರು. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಕಾಗದದ ಪೊಟ್ಟಣ ತೆಗೆದರು.

"ತಗೋ," ಎಂದರು ಸೋದರ ಸೊಸೆಗೆ. "ಬೈಬೇಡ. ಬೈಯೋದಿದ್ರೆ ಆಮೇಲೆ ಬೈಯಿ."

ಪೊಟ್ಟಣದೊಳಗೆ ಎರಡು ಬೆರಳಗಲದ ಫೋಟೋ ಪಟ್ಟಿಯಿತ್ತು.

ಮಾವ ಭೂತಗನ್ನಡಿ ಹಿಡಿದು ಅದರ ಮೇಲೆ ಬಾಗಿದರು. ಮೂಲೆಯಂಗಡಿಯ ಎರಡು ಗಾಜುಗಳು ಕೋನವಾಗಿ ಕೂಡಿದ್ದವು. ಬೀದಿಯುದ್ದಕ್ಕಿದ್ದ ಗಾಜಿನಲ್ಲಿ ಕಾರಿನ ಹಿಂಭಾಗ ಮಸುಕಾಗಿ, ಆದರೆ ಸಂದೇಹಕ್ಕೆ ಎಡೆಯಿಲ್ಲದಂತೆ ಬಿದ್ದಿತ್ತು.

"ಮೊಟಕು," ಎಂದರು ಮಾವ.

"ಸರಿಯಾಗಿ ಹೇಳಿ."

"ರೆಕ್ಕೆ ಮೊಟಕು. ಇದು ವೂಲ್ಸ್‌ಲಿ ಅಲ್ಲ." "ವೂಲ್ಸ್‌ಲಿ ಮುಖ ಹಾಕ್ಕೊಂಡಿರೋ ರೈಲಿ. ಬಾಗಿಲ ಕೆಳಗಿನ ಬಣ್ಣದ ಗೆರೆ ನೋಡು, ಎಂ.ಜಿ.ಗೆ ಹೀಗೆ ತಿರುಗಲ್ಲ. ರೈಲಿನೇ. ಮೇಷ್ಟ್ರ ಕಾರಲ್ಲ ಇದು ಪುಟ್ಟಿ."

"ಊರಲ್ಲಿ ರೈಲಿ ಯಾರ ಹತ್ರ ಇದೆ?"

"ಯಾರ ಹತ್ರನೂ ಇಲ್ಲ. ಇದ್ದದ್ದು ಒಂದೇ. ಬಟ್ಟೆ ಗಿರಣಿಯವರದು. ಅದು ಶೆಡ್ಡಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು. ಪೂರ್ತಿ ಬೂದಿ ಅಂತ ವಿಮೆಗೆ ಬರೆದುಕೊಟ್ಟಿದ್ದು..."

ಮಾವ ಅಲ್ಲಿಗೆ ನಿಂತರು. ಭೂತಗನ್ನಡಿ ಮೇಜಿನ ಮೇಲೆ ಸದ್ದು ಮಾಡಿ ಕೂತಿತು.

"ಸರ್ವೆಯರ್," ಎಂದು ತನಿಖಾಧಿಕಾರಿ ವಾಕ್ಯವನ್ನು ಪೂರ್ಣಗೊಳಿಸಿದಳು.

ಸುಟ್ಟುಹೋದ ಕಾರು ಸುಡದೆ ಉಳಿದಿದೆ ಎಂಬುದಕ್ಕೆ ಲೋಕದಲ್ಲಿದ್ದ ಒಂದೇ ಪ್ರಮಾಣ ಆ ನೆಗೆಟಿವ್. ಅದಕ್ಕಾಗಿ ಒಬ್ಬ ಸತ್ತಿದ್ದ. ಮೇಷ್ಟ್ರ ಮೇಲೆ ಬರಲೆಂದೇ ಬಿಟ್ಟುಹೋದ ಪ್ರಿಂಟನ್ನು ಮಾವನಿಗೇ ಕಳುಹಿಸಿ ಎಂದು ದೊಡ್ಡ ಸಾಹೇಬರಿಗೆ ಸೂಚಿಸಿದ್ದೂ ಸರ್ವೆಯರೇ ಎಂಬುದು ಆಕೆಗೆ ಈಗ ನೆನಪಾಯಿತು. ಆ ಕ್ಷಣದಲ್ಲಿ ಆಕೆಗೆ ಸಿಟ್ಟು ಬಂದದ್ದು ಕೊಲೆಗಾರನ ಮೇಲೆ ಅಲ್ಲ. ಮಾವನ ಬ್ಲೇಡು ಏನನ್ನು ಉಳಿಸುತ್ತದೆ, ಏನನ್ನು ಎಸೆಯುತ್ತದೆ ಎಂಬುದನ್ನು ಊರಿಗೆ ಊರೇ ಕಣ್ಣು ಮುಚ್ಚಿ ಹೇಳಬಹುದಿತ್ತು, ಪೊಲೀಸರ ಹೊರತು.

"ಇನ್ನೊಂದು ಗಾಜಿನಲ್ಲಿ ಯಾರೋ ಇದಾರೆ," ಎಂದಳು ಆಕೆ ಪಟ್ಟಿಯನ್ನು ಬೆಳಕಿಗೆ ಹಿಡಿದು. ಕ್ಯಾಮೆರಾಕ್ಕೆ ಎದುರಾಗಿದ್ದ ಗಾಜು ಅದು. ಅದರಲ್ಲಿ ಫೋಟೋ ತೆಗೆಯುತ್ತಿದ್ದವರ ಬಿಂಬವೇ ಬಿದ್ದಿತ್ತು. "ಸ್ಟುಡಿಯೋದವನಲ್ಲ. ಹೆಂಗಸು. ತೋಳಿಗೆ ಕೊಡೆ ತಗಲಿಸ್ಕೊಂಡಿದಾಳೆ. ಮಾವ, ಯಾರಿದು?"

ಮಾವ ಒಂದು ನೋಟ ಹಾಯಿಸಿದರು. "ಯಾರೋ ಒಬ್ಬಳು. ಅದನ್ನ ಬಿಡು, ಈ ಹಿಂದಿನ ದೀಪ ನೋಡು, ಇದೂ ರೈಲಿದೇ."

ತನಿಖಾಧಿಕಾರಿ ಪಟ್ಟಿಯಿಂದ ಕಣ್ಣು ತೆಗೆದು ಅತ್ತೆಯತ್ತ ನೋಡಿದಳು. ಮತ್ತೆ ಪಟ್ಟಿಯತ್ತ.

"ಯಾರೋ ಒಬ್ಬಳು," ಎಂದರು ಅತ್ತೆ. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪ ಮಾಡಿಕೊಂಡು ಮಾಡಿಕೊಂಡು ಸುಸ್ತಾದವರ ದನಿ ಅದು. "ರೀ, ದಿನಾ ಎದುರಿಗೆ ಕೂತು ಊಟ ಮಾಡ್ತೀರಲ್ಲ. ಒಂದ್ ಸಲನಾದ್ರೂ ತಲೆ ಎತ್ತಿದ್ರೆ ಗುರುತು ಸಿಕ್ತಿತ್ತು."

ಮಾವ ಪಟ್ಟಿಯನ್ನು ಕಿತ್ತುಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು.

"ನೀನಾ?"

"ನಾನಲ್ದೆ? ನಿಮ್ಮ ಹುಟ್ಟಿದಹಬ್ಬಕ್ಕೆ ಏನ್ ಕೊಡೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಗೋದಾಮಿನ ಬೀದೀಲಿ ಈ ಕಾರು ಎದುರಿಗೆ ಬಂತು. ನಿಮಗೆ ಇಷ್ಟ ಆಗುತ್ತೆ ಅಂತ ತೆಗೆದೆ. ಅಷ್ಟೇ ನಾನ್ ಮಾಡಿದ ತಪ್ಪು." ಅತ್ತೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. "ಅವನು ಕಿಟಕಿಯಿಂದ ತಲೆ ಹಾಕಿ, 'ಏನ್ ಅತ್ತಿಗೆ, ಇಷ್ಟು ದೂರ?' ಅಂದ. ನಾನೂ ನಕ್ಕೆ. ಮಾರನೇ ದಿನ ಇಲ್ಲೇ ಕೂತು ಕಾಫಿ ಕುಡೀತಾ, 'ಅವತ್ತಿಂದು ಫೋಟೋ ಬಂತಾ' ಅಂತ ಕೇಳ್ದ. ಸ್ಟುಡಿಯೋಗೆ ತೊಳೆಯೋಕೆ ಕೊಟ್ಟಿದೀನಿ ಅಂತ ನಾನೇ ಹೇಳ್ದೆ. ನಾನೇ ಹೇಳ್ಬಿಟ್ಟೆ ಪುಟ್ಟಿ. ಆ ಬಡಪಾಯಿ ಸಾಯೋಕೆ ನಾನೇ ದಾರಿ ತೋರಿಸ್ದೆ."

"ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲ ಅತ್ತೆ!"

"ಯಾರ ಹತ್ರ ಬಿಡ್ಲಿ? ನಿನ್ನ ದೊಡ್ಡ ಸಾಹೇಬರು ಅವನ ಜೊತೆ ಕಾಫಿ ಕುಡೀತಾರೆ. ಇವರು ಅವನ್ನ ತಮ್ಮ ಅಂತಾರೆ. ನೀನು ಬರೋದು ಹಬ್ಬಕ್ಕೊಂದು ಸಲ, ಬಂದ್ರೂ ಇವರ ಜೊತೆ ಜಗಳ ಆಡೋಕೆ."

ತನಿಖಾಧಿಕಾರಿ ಹಜಾರದ ಫೋನಿನತ್ತ ನಡೆದಳು. ಪೇದೆಗಳು ಮೇಷ್ಟ್ರನ್ನು ಜೀಪಿನಲ್ಲಿ ಕೋರ್ಟಿಗೆ ಕರೆದೊಯ್ದಿದ್ದರು. ಗೇಟಿನ ಹೊರಗಿದ್ದವನನ್ನು ಹಿಡಿಯಲು ಜನ ಬೇಕಿತ್ತು.

"ಪುಟ್ಟಿ, ನಿಲ್ಲು," ಎಂದರು ಅತ್ತೆ. "ಅವನು ಹುಟ್ಟಾ ಕೊಲೆಗಡುಕ ಅಲ್ಲ. ಈ ಮನೆ ಅನ್ನ ತಿಂದವನು. ನಾನು ಎದುರಿಗೆ ನಿಂತು ಹೇಳಿದ್ರೆ ಕೇಳ್ತಾನೆ. ತಾನೇ ಬಂದು ಒಪ್ಕೋತಾನೆ."

"ಅತ್ತೆ, ದಮ್ಮಯ್ಯ, ಸುಮ್ನೆ ಕೂತ್ಕೊಳ್ಳಿ. ಈ ಮನೆಯಲ್ಲಿ ಒಬ್ಬರಾದ್ರೂ ನಾನು ಹೇಳಿದ ಹಾಗೆ ಕೇಳಿ."

ಠಾಣೆಯ ಫೋನು ಎಂಗೇಜ್ ಆಗಿತ್ತು. ಮತ್ತೆ ತಿರುಗಿಸಿದಳು. ಮತ್ತೆ ಎಂಗೇಜ್. ದೊಡ್ಡ ಸಾಹೇಬರು ತಮ್ಮ ಅಳಿಯನ ವರ್ಗಾವಣೆಯ ವಿಚಾರ ಮಾತಾಡುತ್ತಿರಬೇಕು. ಅವರು ಫೋನು ಹಿಡಿದರೆ ಊರು ಹತ್ತಿ ಉರಿದರೂ ಇಳಿಸುವವರಲ್ಲ. ಮೂರನೆಯ ಬಾರಿ ತಿರುಗಿಸುತ್ತಿದ್ದಾಗ ಮೂಗಿಗೆ ವಾಸನೆ ಬಡಿಯಿತು. ಕಾಗದ ಸುಡುವ, ಅದರೊಂದಿಗೆ ಇನ್ನೇನೋ ಕಟುವಾದದ್ದು ಸುಡುವ ವಾಸನೆ.

ಆಕೆ ರಿಸೀವರನ್ನು ಕೈಬಿಟ್ಟು ಅಡುಗೆಮನೆಗೆ ಓಡಿದಳು.

ಮಾವ ಗ್ಯಾಸ್ ಒಲೆಯ ಮುಂದೆ ನಿಂತಿದ್ದರು. ಅವರ ಬೆರಳ ತುದಿಯಲ್ಲಿ ಪಟ್ಟಿ ಕರಿಯ ಸುರುಳಿಯಾಗಿ ಬಾಗುತ್ತಿತ್ತು. ಮೊಟಕು ರೆಕ್ಕೆ ಹೋಗಿತ್ತು. ಕೊಡೆಯೂ ಹೋಗಿತ್ತು. ಆಕೆ ಅವರ ಮಣಿಕಟ್ಟನ್ನು ಹಿಡಿದು ಎಳೆಯುವಷ್ಟರಲ್ಲಿ ಉಳಿದದ್ದು ಬೂದಿ.

"ಮಾವ! ಏನ್ ಮಾಡಿದ್ರಿ? ತಲೆ ಸರಿ ಇದೆಯಾ ನಿಮಗೆ?"

"ಇದು ಕೋರ್ಟಿಗೆ ಹೋದ್ರೆ ಇದರ ಜೊತೆ ಅವಳೂ ಹೋಗ್ಬೇಕು. ಸಾಕ್ಷಿ ಅಂತ ಹೆಸರು ಬರುತ್ತೆ. ನೆಗೆಟಿವ್‌ಗೋಸ್ಕರ ಒಬ್ಬನನ್ನ ಕೊಂದವನು, ಕಣ್ಣಾರೆ ನೋಡಿದವಳನ್ನ ಬಿಡ್ತಾನಾ?"

"ನಾನ್ ಯಾತಕ್ಕಿದೀನಿ? ಕಾವಲು ಹಾಕ್ತಿದ್ದೆ!"

"ಒಂದು ಫೋಟೋ ಕಾಯೋಕಾಗ್ಲಿಲ್ಲ ನಿಮ್ಮ ಕೈಲಿ."

"ಅದನ್ನ ಕತ್ತರಿಸಿದವರು ಯಾರು?" ಆಕೆಯ ಕೂಗು ಪಾತ್ರೆಗಳನ್ನೂ ಝಣಗುಟ್ಟಿಸಿತು. "ಮೇಷ್ಟ್ರ ಗತಿ ಏನು? ಕಟಕಟೆಯಲ್ಲಿ ನಿಂತು ಏನ್ ಹೇಳ್ತೀರಿ?"

"ವೂಲ್ಸ್‌ಲಿ ಅಂತೀನಿ."

"ಸುಳ್ಳು ಅದು!"

"ಹೌದು, ಸುಳ್ಳು." ಮಾವ ಬೆಂದ ಬೆರಳನ್ನು ನಲ್ಲಿಯ ಕೆಳಗೆ ಹಿಡಿದರು. "ಕಾರಿನ ವಿಷಯದಲ್ಲಿ ನಾನು ಸುಳ್ಳು ಹೇಳಿದವನೇ ಅಲ್ಲ. ಸ್ವಂತ ಭಾವಮೈದನ ಕಾರನ್ನ ಡಬ್ಬ ಅಂದು ಜನ್ಮದ ನಿಷ್ಠುರ ಕಟ್ಕೊಂಡವನು. ಇವತ್ತು ಹೇಳ್ತೀನಿ. ದೇವರು ಏನ್ ಬೇಕಾದ್ರೂ ಮಾಡ್ಲಿ."

"ಆ ಮೇಷ್ಟ್ರಿಗೂ ಒಬ್ಬಳು ಅಕ್ಕ ಇದಾಳೆ. ನಿಮ್ಮ ಜಗಲಿಯಲ್ಲೇ ಕೂತಿದಾಳೆ. ಹೋಗಿ ಅವಳ ಮುಖ ನೋಡಿ ಹೇಳಿ ಈ ಮಾತು!"

ಮಾವ ನಲ್ಲಿಯನ್ನು ನಿಲ್ಲಿಸಿದರು. ಉತ್ತರಕ್ಕಾಗಿ ಎಂಬಂತೆ ಅವರು ಹೆಂಡತಿಯತ್ತ ತಿರುಗಿದರು.

ಹೆಂಡತಿ ಅಲ್ಲಿರಲಿಲ್ಲ.

ಊಟದ ಮೇಜಿನ ಬಳಿಯೂ ಇರಲಿಲ್ಲ. ಮುಂಬಾಗಿಲು ತೆರೆದಿತ್ತು.

ಹೊರಗೆ ಎಂಜಿನ್ ಗುರುಗುಟ್ಟಿತು. ಮಾವ, ಆ ವಯಸ್ಸಿನಲ್ಲಿ ಯಾರೂ ಅವರಿಂದ ನಿರೀಕ್ಷಿಸದ ವೇಗದಲ್ಲಿ, ತನಿಖಾಧಿಕಾರಿಯನ್ನು ದಾಟಿ ಜಗಲಿಗೆ ಓಡಿದರು. ಆಕೆ ಹಿಂದೆ ಬಂದು ಮೆಟ್ಟಿಲ ಮೇಲೆ ನಿಲ್ಲುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಧೂಳು ಮಾತ್ರ ಉಳಿದಿತ್ತು.

ಮೇಷ್ಟ್ರ ಅಕ್ಕ ಎದ್ದು ನಿಂತಿದ್ದಳು. ಬೆಳಗಿನಿಂದ ಮೊದಲ ಬಾರಿಗೆ ಅವಳ ಮುಖದಲ್ಲಿ ಕಳೆಯಿತ್ತು.

"ಅಮ್ಮಾವ್ರು ಕೋರ್ಟಿಗೆ ಹೋದ್ರು ಮೇಡಂ. 'ನಿನ್ನ ತಮ್ಮನ್ನ ಕರ್ಕೊಂಡೇ ಬರ್ತೀನಿ, ನೀನಿಲ್ಲೇ ಇರು' ಅಂದ್ರು. ಆ ಸಾಹೇಬರು ಬೇಡ ಅಂತಿದ್ರು. ಅಮ್ಮಾವ್ರೇ ಬಾಗಿಲು ತೆಗೆದು ಮುಂದಿನ ಸೀಟಲ್ಲಿ ಕೂತ್ರು. ಏನೋ ಹೇಳಿದ್ರು. ಆಮೇಲೆ ಅವರು ಸುಮ್ನಾಗಿ ಗಾಡಿ ಬಿಟ್ರು."

"ಯಾವ ಕಡೆಗೆ?"

ಅವಳು ಕೈ ತೋರಿಸಿದಳು. ಕೋರ್ಟು ಇದ್ದದ್ದು ಅದರ ವಿರುದ್ಧ ದಿಕ್ಕಿನಲ್ಲಿ.

ತನಿಖಾಧಿಕಾರಿ ಒಳಗೆ ಹಾರಿ, ತೂಗಾಡುತ್ತಿದ್ದ ರಿಸೀವರನ್ನು ಹಿಡಿದು ಮತ್ತೆ ನಂಬರ್ ತಿರುಗಿಸಿದಳು. ಈ ಬಾರಿ ಠಾಣೆ ಸಿಕ್ಕಿತು. ಎಲ್ಲ ನಾಕಾಗಳಲ್ಲಿ ತಡೆಯಿರಿ ಎಂದಳು. ಯಾವ ಕಾರನ್ನು ತಡೆಯಬೇಕು ಎಂದು ಆ ಕಡೆಯವನು ಕೇಳಿದ.

"ಅಕ್ಕ, ಕಾರು ಯಾವುದು?"

"ಅಯ್ಯೋ, ಅದೆಲ್ಲ ನನಗೇನ್ ಗೊತ್ತಾಗುತ್ತೆ ಮೇಡಂ? ಬೂದಿ ಬಣ್ಣನೋ, ನೀಲಿನೋ. ನಾಲ್ಕು ಚಕ್ರ ಇತ್ತು."

"ಮಾವ!" ಆಕೆ ಫೋನಿನ ವೈರನ್ನು ಬಾಗಿಲವರೆಗೆ ಎಳೆದಳು. "ಬೇಗ ಹೇಳಿ. ಯಾವ ಕಾರು? ಯಾವ ಬಣ್ಣ? ನಂಬರ್ ಎಷ್ಟು?"

ಮಾವ ಗೇಟಿನ ಕಂಬವನ್ನು ಹಿಡಿದು ನಿಂತಿದ್ದರು. ಬೀದಿಯಲ್ಲಿ ಹಾದ ಯಾವ ಕಾರನ್ನೂ, ಅದರ ತಯಾರಿಯ ವರ್ಷ ಸಹಿತ ಹೇಳದೆ ಒಂದು ದಿನವೂ ಬಿಟ್ಟವರಲ್ಲ ಅವರು.

"ನೋಡ್ಲಿಲ್ಲ," ಎಂದರು.

"ನೋಡ್ಲಿಲ್ವಾ? ನೀವಾ? ನಿಮ್ಮ ಕಣ್ಣೆದುರಿಗೇ ಹೋಯ್ತಲ್ಲ!"

"ಅವಳು ತಿರುಗಿ ನೋಡಿದ್ಲು ಪುಟ್ಟಿ," ಎಂದರು ಮಾವ. "ನಾನು ಅವಳನ್ನೇ ನೋಡ್ತಿದ್ದೆ."